ಎರಡು ಕಿವಿ, ಎರಡು ಸ್ಪೀಕರ್: ಅಲನ್ ಬ್ಲಮ್‌ಲೈನ್ ಬದುಕು

ಸೆಮಿಸ್ಟರ್ ಶುರುವಾದ ಮೊದಲ ತಿಂಗಳು ಹಾಸ್ಟೆಲ್‌ನಲ್ಲಿ ಒಂದು ಪ್ರಶ್ನೆ ತಪ್ಪದೆ ಸುತ್ತುತ್ತಿರುತ್ತೆ. ರೂಮಿನ ಕಂಪ್ಯೂಟರ್‌ಗೆ ಸ್ಪೀಕರ್ ತಗೋಬೇಕು, ಕೈಯಲ್ಲಿರೋ ದುಡ್ಡಿಗೆ ಯಾವುದು ಒಳ್ಳೇದು? 2.0 ಸಾಕಾ, 2.1 ಬೇಕಾ, ಇಲ್ಲಾ ಒಂದೇ ಸಲಕ್ಕೆ 5.1 ತಗೊಂಡುಬಿಡೋದಾ? ಅಂಗಡಿಗೆ ಹೋದರೆ ಡಬ್ಬದ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತೆ. ಸ್ಪೀಕರ್ ಜಾಸ್ತಿ ಇದ್ದಷ್ಟೂ ಸೌಂಡ್ ಸುತ್ತ ಬರುತ್ತೆ ಅಂತ ಅಂಗಡಿಯವರು ಹೇಳ್ತಾರೆ. ನಾವೂ ತಲೆಯಾಡಿಸ್ತೀವಿ.

ಕನ್ನಡ ಸಂಘದ ನಾವು ಈ ಸಲ ಆ ಪ್ರಶ್ನೆಗೆ ಒಬ್ಬ ಎಂಜಿನಿಯರ್‌ನ ಬದುಕನ್ನು ಹೇಳಿ ಉತ್ತರ ಕೊಡೋಣ ಅಂದುಕೊಂಡಿದ್ದೇವೆ. ಆತ ತೀರಿಕೊಂಡು ಎಂಬತ್ತು ವರ್ಷ ದಾಟಿದೆ. ಆದರೂ ನಿಮ್ಮ ಕಿವಿಗೆ ಇವತ್ತು ಬೆಳಿಗ್ಗೆ ಇಯರ್‌ಫೋನಿನಿಂದ ಬಂದ ಹಾಡಿನಲ್ಲಿ ಆತನ ಕೆಲಸ ಇತ್ತು. ಹೆಸರು ಅಲನ್ ಡೋವರ್ ಬ್ಲಮ್‌ಲೈನ್. ಸ್ಟೀರಿಯೋ ಸದ್ದಿನ ತಳಪಾಯ ಹಾಕಿದವರಲ್ಲಿ ದೊಡ್ಡ ಹೆಸರು.

ಬ್ಲಮ್‌ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಸೆಮ್ಮಿ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾದವರು. ತಾಯಿ ಜೆಸ್ಸಿ ಡೋವರ್, ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದ ಸ್ಕಾಟ್ ಪಾದ್ರಿಯೊಬ್ಬರ ಮಗಳು. ಹುಡುಗನಿಗೆ ಓದು ತಡವಾಗಿ ಹತ್ತಿತು. ಹನ್ನೆರಡು ವರ್ಷದವರೆಗೂ ಸರಿಯಾಗಿ ಓದೋಕೆ ಬರ್ತಿರಲಿಲ್ಲವಂತೆ. ಲೆಕ್ಕ ಮಾತ್ರ ಸಲೀಸು. ಏಳು ವರ್ಷದವನಿದ್ದಾಗ ಮನೆಯ ಕರೆಗಂಟೆ ರಿಪೇರಿ ಮಾಡಿ, ಅಪ್ಪನಿಗೇ ಬಿಲ್ ಬರೆದುಕೊಟ್ಟು, ಕೆಳಗೆ ತನ್ನ ಹೆಸರಿನ ಜೊತೆ ಎಲೆಕ್ಟ್ರಿಕಲ್ ಎಂಜಿನಿಯರ್ ಅಂತ ಸಹಿ ಹಾಕಿದ್ದ ಎಂಬ ಕಥೆ ಆ ಮನೆತನದಲ್ಲಿ ಉಳಿದುಬಂದಿದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಎಂಟನೇ ಸೆಮ್‌ನಲ್ಲೂ ಹಾಗೆ ಸಹಿ ಹಾಕೋ ಧೈರ್ಯ ಬರಲ್ಲ!

ಹೈಗೇಟ್ ಶಾಲೆ ಮುಗಿಸಿ, ಸ್ಕಾಲರ್‌ಶಿಪ್ ಪಡೆದು, ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಸೇರಿದ್ದ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿಗೆ ಹೋದ. ಈಗಿನ ಲ್ಯಾಟರಲ್ ಎಂಟ್ರಿಯವರ ಹಾಗೆ ನೇರ ಎರಡನೇ ವರ್ಷಕ್ಕೆ ಸೇರಿ, 1923ರಲ್ಲಿ ಫಸ್ಟ್ ಕ್ಲಾಸ್ ಆನರ್ಸ್‌ನಲ್ಲಿ ಪಾಸಾದ.

1924ರಲ್ಲಿ ಮೊದಲ ಕೆಲಸ, ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ಟೆಲಿಫೋನ್ ಕಂಪನಿಯಲ್ಲಿ. ದೂರದ ಟೆಲಿಫೋನ್ ಕೇಬಲ್‌ಗಳಲ್ಲಿ ಒಂದು ಜೋಡಿ ತಂತಿಯ ಮಾತು ಪಕ್ಕದ ಜೋಡಿಗೆ ಸೋರಿಕೊಳ್ಳುವ ಕ್ರಾಸ್‌ಟಾಕ್ ಆಗಿನ ದೊಡ್ಡ ತಲೆನೋವು. ಅದನ್ನು ಕಡಿಮೆ ಮಾಡುವ ಕೆಲಸ ಆತನ ಪಾಲಿಗೆ ಬಂತು. ಜೊತೆಗೆ ಇನ್ನೊಂದು ಕೆಲಸ ಮಾಡಿದ. ಮನುಷ್ಯರ ಕಿವಿ ಯಾವ ಫ್ರೀಕ್ವೆನ್ಸಿಗೆ ಎಷ್ಟು ಚುರುಕು ಎಂದು ಅಳೆದ. ಆ ಅಳತೆಯ ಆಧಾರದ ಮೇಲೆ, ಮೀಟರ್ ಕೂಡ ಕಿವಿಯ ಹಾಗೆ ಕೇಳುವಂತೆ ಮಾಡುವ ವೆಯ್ಟಿಂಗ್ ನೆಟ್‌ವರ್ಕ್‌ಗಳನ್ನು ರೂಪಿಸಿದ.

ಇದನ್ನು ಸ್ವಲ್ಪ ಗಮನಿಸಿ. ಇಪ್ಪತ್ತೊಂದು ದಾಟಿದ ಹುಡುಗ ಕಲಿತ ಮೊದಲ ಪಾಠ ಯಂತ್ರದ್ದಲ್ಲ, ಕಿವಿಯದ್ದು. ಸದ್ದು ಕೊನೆಗೆ ತಲುಪೋದು ಎಲ್ಲಿಗೆ, ಅಲ್ಲಿ ಏನಾಗುತ್ತೆ ಅನ್ನೋದನ್ನು ಮೊದಲು ನೋಡು, ಆಮೇಲೆ ಸರ್ಕ್ಯೂಟ್ ಬರಿ. ಬ್ಲಮ್‌ಲೈನ್ ಮುಂದೆ ಮಾಡಿದ ಸದ್ದಿನ ಕೆಲಸ ಎಲ್ಲದರ ಬೇರು ಇಲ್ಲಿದೆ.

1929ರಲ್ಲಿ ಆತ ಕೊಲಂಬಿಯಾ ಗ್ರಾಫೋಫೋನ್ ಕಂಪನಿಗೆ ಬಂದ. ಬಾಸ್ ಐಸಾಕ್ ಶೋಯೆನ್‌ಬರ್ಗ್. ಗ್ರಾಮಫೋನ್ ರೆಕಾರ್ಡ್‌ನ ಗೆರೆ ಕೊರೆಯುವ ಕಟಿಂಗ್ ಹೆಡ್‌ನ ಪೇಟೆಂಟ್ ಆಗ ಅಮೆರಿಕದ ಬೆಲ್ ಕೂಟದವರ ಕೈಯಲ್ಲಿತ್ತು. ಒಂದೊಂದು ರೆಕಾರ್ಡ್‌ಗೂ ಅವರಿಗೆ ರಾಯಲ್ಟಿ ಕಟ್ಟಬೇಕು. ಆ ಪೇಟೆಂಟ್ ದಾಟುವ ದಾರಿ ಹುಡುಕು ಎಂಬುದೇ ಆತನಿಗೆ ಸಿಕ್ಕ ಮೊದಲ ಕೆಲಸ. ಬೆಲ್‌ನವರದು ಕಬ್ಬಿಣ ಅಲುಗುವ ಮೂವಿಂಗ್ ಐರನ್ ವಿಧಾನ. ಬ್ಲಮ್‌ಲೈನ್ ತಂಡ ಸುರುಳಿ ಅಲುಗುವ ಮೂವಿಂಗ್ ಕಾಯಿಲ್ ವಿಧಾನದಲ್ಲಿ ಬೇರೆಯದೇ ಹೆಡ್ ಮಾಡಿತು. ರಾಯಲ್ಟಿ ಉಳಿಯಿತು, ರೆಕಾರ್ಡ್‌ನ ಗುಣಮಟ್ಟವೂ ಏರಿತು. 1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮಫೋನ್ ಕಂಪನಿ ಸೇರಿ ಇಎಂಐ ಆಯಿತು. ಲಂಡನ್ನಿನ ಪಶ್ಚಿಮಕ್ಕಿರುವ ಹೇಯ್ಸ್‌ನಲ್ಲಿ ಅದರ ಲ್ಯಾಬ್ ಎದ್ದಿತು.

ಅದೇ 1931ರಲ್ಲಿ ಬ್ಲಮ್‌ಲೈನ್, ಮುಂದೆ ತನ್ನ ಹೆಂಡತಿಯಾದ ಡೋರೀನ್ ಜೊತೆ ಸಿನಿಮಾಕ್ಕೆ ಹೋಗಿದ್ದ. ಮಾತಾಡುವ ಸಿನಿಮಾ ಬಂದು ಇನ್ನೂ ಕೆಲವೇ ವರ್ಷ. ಪರದೆಯ ಈ ತುದಿಯಲ್ಲಿ ನಟ ಬಾಯಿ ಆಡಿಸ್ತಾನೆ, ದನಿ ಬರೋದು ಇನ್ನೆಲ್ಲಿಂದಲೋ. ಉಳಿದ ಪ್ರೇಕ್ಷಕರು ಕಥೆಯಲ್ಲಿ ಮುಳುಗಿದ್ದರೆ ಈತನಿಗೆ ಇದೇ ಕಿರಿಕಿರಿ. ದನಿ ನಟನ ಜೊತೆಗೇ ಓಡಾಡುವಂತೆ ಮಾಡುವ ದಾರಿ ತನಗೆ ಗೊತ್ತು ಎಂದು ಡೋರೀನ್‌ಗೆ ಹೇಳಿದನಂತೆ.

ಆ ದಾರಿ ಏನು? ನಮ್ಮ ಕಿವಿ ದಿಕ್ಕನ್ನು ಹೇಗೆ ಹಿಡಿಯುತ್ತೆ ಅಂತ ನೋಡಿದರೆ ಗೊತ್ತಾಗುತ್ತೆ. ಬಲಗಡೆಯಿಂದ ಯಾರೋ ಕರೆದರು ಅಂದುಕೊಳ್ಳಿ. ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತೆ, ತಲೆ ಸುತ್ತಿಕೊಂಡು ಎಡಗಿವಿಗೆ ಆಮೇಲೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ ಈ ವ್ಯತ್ಯಾಸ ಅತಿ ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡ್. ಅಷ್ಟು ಚಿಕ್ಕ ವ್ಯತ್ಯಾಸವನ್ನು ಮೆದುಳು ಹಿಡಿದುಬಿಡುತ್ತೆ. ಸುಮಾರು 1500 ಹರ್ಟ್ಸ್‌ಗಿಂತ ಮೇಲೆ ತರಂಗದ ಉದ್ದ ತಲೆಯ ಅಗಲದ ಆಸುಪಾಸಿಗೆ ಇಳಿಯುತ್ತೆ. ಆಗ ತಲೆಯೇ ಅಡ್ಡ ನಿಂತು ಆಚೆ ಕಿವಿಗೆ ನೆರಳು ಹಾಕುತ್ತೆ. ಅಲ್ಲಿ ಮುಖ್ಯವಾಗೋದು ಸದ್ದಿನ ಮಟ್ಟದ ವ್ಯತ್ಯಾಸ.

ಅಂದರೆ ದಿಕ್ಕು ಎಂಬುದು ಎರಡು ಸಿಗ್ನಲ್‌ಗಳ ನಡುವಿನ ವ್ಯತ್ಯಾಸದಲ್ಲಿ ಅಡಗಿದೆ. ಆ ವ್ಯತ್ಯಾಸವನ್ನು ರೆಕಾರ್ಡಿಂಗ್‌ನಿಂದ ಕೇಳುಗನ ಕಿವಿವರೆಗೂ ಕಾಪಾಡಿಕೊಂಡು ಬಂದರೆ ಎರಡೇ ಸ್ಪೀಕರ್‌ಗಳ ನಡುವೆ ಇಡೀ ವೇದಿಕೆಯನ್ನು ಕಟ್ಟಬಹುದು. 1931ರ ಡಿಸೆಂಬರ್ 14ರಂದು ಬ್ಲಮ್‌ಲೈನ್ ಸಲ್ಲಿಸಿದ ಪೇಟೆಂಟ್ ಅರ್ಜಿಯ ತಿರುಳು ಇದು. 1933ರ ಜೂನ್‌ನಲ್ಲಿ ಅದು ಬ್ರಿಟಿಷ್ ಪೇಟೆಂಟ್ 394325 ಆಗಿ ಮಂಜೂರಾಯಿತು. ಅದರಲ್ಲಿ 70 ಕ್ಲೇಮ್‌ಗಳಿದ್ದವು. ಸ್ಟೀರಿಯೋ ಎಂಬ ಪದವನ್ನು ಆತ ಬಳಸಲಿಲ್ಲ, ಬೈನಾರಲ್ ಅಂದ. ಎರಡು ಕಿವಿಯ ಸದ್ದು ಎಂದರ್ಥ.

ಆ ಒಂದು ಪೇಟೆಂಟ್‌ನಲ್ಲಿ ಏನೇನಿತ್ತು ಅಂತ ನೋಡಿದರೆ ಬೆರಗಾಗುತ್ತೆ. ಒಂದೇ ಜಾಗದಲ್ಲಿ ಎರಡು ಮೈಕ್‌ಗಳನ್ನು ಒಂದಕ್ಕೊಂದು 90 ಡಿಗ್ರಿ ತಿರುಗಿಸಿ ಇಡುವ ವಿಧಾನ. ಇದನ್ನು ಈಗಲೂ ಸ್ಟುಡಿಯೋಗಳಲ್ಲಿ ಬ್ಲಮ್‌ಲೈನ್ ಪೇರ್ ಅಂತಲೇ ಕರೀತಾರೆ. ಹತ್ತಿರ ಹತ್ತಿರ ಇಟ್ಟ ಮೈಕ್‌ಗಳಲ್ಲಿ ಸಿಗುವ ಫೇಸ್ ವ್ಯತ್ಯಾಸವನ್ನು ಕೆಳ ಫ್ರೀಕ್ವೆನ್ಸಿಯಲ್ಲಿ ಮಟ್ಟದ ವ್ಯತ್ಯಾಸವಾಗಿ ಬದಲಿಸುವ ಷಫ್ಲಿಂಗ್ ಸರ್ಕ್ಯೂಟ್. ಎಡ ಬಲ ಸಿಗ್ನಲ್‌ಗಳನ್ನು ಕೂಡಿಸಿ ಒಂದು, ಕಳೆದು ಇನ್ನೊಂದು ಮಾಡಿಕೊಂಡು, ಅವೆರಡರ ಮೇಲೆ ಕೆಲಸ ಮಾಡಿ ಮತ್ತೆ ಎಡ ಬಲ ಮಾಡುವ ಉಪಾಯ. ಒಂದೇ ಗೆರೆಯ ಎರಡು ಗೋಡೆಗಳಲ್ಲಿ, ನೇರಕ್ಕೆ 45 ಡಿಗ್ರಿ ಓರೆಯಾಗಿ, ಎರಡು ಚಾನಲ್ ಕೊರೆಯುವ ರೀತಿ. ಆಗ ಆತನಿಗೆ 28 ವರ್ಷ.

ಇಲ್ಲಿ ಕೂಡಿಸು ಕಳೆ ಅನ್ನೋದನ್ನು ಇಸಿ ವಿದ್ಯಾರ್ಥಿಗಳು ಗುರುತು ಹಿಡಿದಿರ್ತೀರಿ. ಎಫ್‌ಎಂ ಸ್ಟೀರಿಯೋದಲ್ಲಿ ಎಲ್ ಪ್ಲಸ್ ಆರ್ ಹಾಗೇ ಹೋಗುತ್ತೆ, ಎಲ್ ಮೈನಸ್ ಆರ್ 38 ಕಿಲೋಹರ್ಟ್ಸ್ ಸಬ್‌ಕ್ಯಾರಿಯರ್ ಹತ್ತುತ್ತೆ, 19 ಕಿಲೋಹರ್ಟ್ಸ್ ಪೈಲಟ್ ಜೊತೆಗಿರುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡೋ ಆ ಬ್ಲಾಕ್ ಡಯಾಗ್ರಾಮ್‌ನ ಹಿಂದಿರುವ ಗಣಿತ ಬ್ಲಮ್‌ಲೈನ್ 1931ರಲ್ಲೇ ಸದ್ದಿಗೆ ಹಚ್ಚಿದ್ದ ಗಣಿತ.

ಆಮೇಲೆ ಪ್ರಯೋಗ ಶುರು. ಹೇಯ್ಸ್‌ನಲ್ಲಿ ಸಹೋದ್ಯೋಗಿಗಳು ಮೈಕ್ ಎದುರು ಎಡದಿಂದ ಬಲಕ್ಕೆ ನಡೆದಾಡುತ್ತಾ ಮಾತಾಡಿದರು, ಅದನ್ನು ರೆಕಾರ್ಡ್ ಮಾಡಿ ಕೇಳಿದರು. 1934ರಲ್ಲಿ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ನಿರ್ದೇಶನದಲ್ಲಿ ಮೊಜಾರ್ಟ್‌ನ ಜುಪಿಟರ್ ಸಿಂಫನಿಯನ್ನು ಸ್ಟೀರಿಯೋದಲ್ಲಿ ಹಿಡಿದರು. 1935ರಲ್ಲಿ ಹೇಯ್ಸ್ ರೈಲು ನಿಲ್ದಾಣದ ಸಿನಿಮಾ ತೆಗೆದರು. ಸುಮಾರು ಐದು ನಿಮಿಷದ ಚಿತ್ರ. ಕಥೆ ಇಲ್ಲ, ನಾಯಕ ಇಲ್ಲ. ರೈಲು ಈ ಕಡೆಯಿಂದ ಆ ಕಡೆಗೆ ಹೋಗುತ್ತೆ, ಸದ್ದು ಅದರ ಜೊತೆಗೇ ಹೋಗುತ್ತೆ. ಥಿಯೇಟರಿನಲ್ಲಿ ಕೂತು ಕಂಡ ಕಿರಿಕಿರಿಗೆ ನಾಲ್ಕು ವರ್ಷದಲ್ಲಿ ಉತ್ತರ ಸಿಕ್ಕಿತ್ತು.

ಆದರೆ ಆ ಉತ್ತರ ಮೂಲೆ ಸೇರಿತು. ಇಎಂಐಗೆ ಆಗ ಟೆಲಿವಿಷನ್ ಮುಖ್ಯವಾಗಿತ್ತು. ಬ್ಲಮ್‌ಲೈನ್‌ನನ್ನೂ ಅಲ್ಲಿಗೇ ಎಳೆದರು. ತನ್ನ ಅತಿ ದೊಡ್ಡ ಕೆಲಸ ಕಪಾಟಿಗೆ ಹೋದರೂ ಆತ ಕೈಕಟ್ಟಿ ಕೂರಲಿಲ್ಲ. ಮಾರ್ಕೋನಿ ಇಎಂಐ 405 ಗೆರೆಗಳ ಟಿವಿ ವ್ಯವಸ್ಥೆಯ ಸರ್ಕ್ಯೂಟ್‌ಗಳ ಹಿಂದೆ ಆತನ ತಲೆ ದೊಡ್ಡ ಪಾಲು ಓಡಿದೆ. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಬಿಬಿಸಿ ಟಿವಿ ಶುರುವಾದಾಗ ಬೇರ್ಡ್ ಕಂಪನಿಯ 240 ಗೆರೆಗಳ ವ್ಯವಸ್ಥೆಯೂ ಇದೂ ಸರದಿಯ ಮೇಲೆ ನಡೆದವು. ಮೂರೇ ತಿಂಗಳಲ್ಲಿ, 1937ರ ಫೆಬ್ರವರಿಯಲ್ಲಿ, ಬೇರ್ಡ್ ವ್ಯವಸ್ಥೆ ನಿಂತಿತು, 405 ಉಳಿಯಿತು.

ಆ ದಿನಗಳಲ್ಲಿ ಆತ ಪೇಟೆಂಟ್ ಮಾಡಿದ ಒಂದು ಸರ್ಕ್ಯೂಟ್ ಲಾಂಗ್ ಟೇಲ್ಡ್ ಪೇರ್. ನಮ್ಮ ಲ್ಯಾಬ್‌ನಲ್ಲಿ ಅದನ್ನೇ ಡಿಫರೆನ್ಷಿಯಲ್ ಪೇರ್ ಅಂತೀವಿ. ಎರಡು ಇನ್‌ಪುಟ್‌ಗಳಿಗೆ ಸಮನಾಗಿ ಬಂದ ಗದ್ದಲವನ್ನು ತಳ್ಳಿ, ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವುದು ಅದರ ಕೆಲಸ. ಇವತ್ತಿನ ಆಪ್ ಆಂಪ್‌ನ ಮುಂಬಾಗಿಲಲ್ಲಿ ಕೂತಿರುವುದು ಅದೇ. ಸದ್ದಿನಲ್ಲಿ ವ್ಯತ್ಯಾಸ, ಸರ್ಕ್ಯೂಟ್‌ನಲ್ಲೂ ವ್ಯತ್ಯಾಸ! ಬದುಕಿದ್ದ 38 ವರ್ಷಗಳಲ್ಲಿ ಆತನ ಹೆಸರಿನಲ್ಲಿ 128 ಪೇಟೆಂಟ್‌ಗಳಾದವು.

1933ರಲ್ಲಿ ಡೋರೀನ್ ಜೊತೆ ಮದುವೆಯಾಗಿತ್ತು. ಇಬ್ಬರು ಗಂಡುಮಕ್ಕಳು, ಸೈಮನ್ ಮತ್ತು ಡೇವಿಡ್. ಮನೆ ಲಂಡನ್ನಿನ ಈಲಿಂಗ್‌ನಲ್ಲಿ. ವಿಮಾನ ಹಾರಿಸುವುದು ಆತನ ಹವ್ಯಾಸಗಳಲ್ಲೊಂದು.

ಎರಡನೇ ಮಹಾಯುದ್ಧ ಬಂತು. ಟಿವಿ ನಿಂತಿತು. ಟಿವಿ ಬಲ್ಲ ತಲೆಗಳೆಲ್ಲ ರೇಡಾರ್ ಕಡೆ ತಿರುಗಿದವು. ಕತ್ತಲಲ್ಲಿ, ಮೋಡದ ಮೇಲಿಂದ, ಕೆಳಗಿನ ನೆಲದ ಚಿತ್ರವನ್ನು ಬಾಂಬರ್ ವಿಮಾನದೊಳಗೆ ತೋರಿಸುವ ಎಚ್‌ಟೂಎಸ್ ಎಂಬ ರೇಡಾರ್ ಮೇಲೆ ಬ್ಲಮ್‌ಲೈನ್ ಕೆಲಸ ಮಾಡುತ್ತಿದ್ದ. ತರಂಗದ ಉದ್ದ 10 ಸೆಂಟಿಮೀಟರ್ ಆಸುಪಾಸು. ಕೆಲಸ ಗುಟ್ಟು, ಅವಸರವೂ ಅಷ್ಟೇ.

1942ರ ಜೂನ್ 7, ಭಾನುವಾರ. ಆ ರೇಡಾರ್ ಅಳವಡಿಸಿದ್ದ ಹ್ಯಾಲಿಫ್ಯಾಕ್ಸ್ ವಿಮಾನ, ನಂಬರ್ ವಿ 9977, ಡೆಫರ್ಡ್ ಎಂಬಲ್ಲಿಂದ ಪರೀಕ್ಷಾ ಹಾರಾಟಕ್ಕೆ ಹೊರಟಿತು. ಬ್ಲಮ್‌ಲೈನ್ ಜೊತೆಗೆ ಇಎಂಐನ ಸಿಸಿಲ್ ಬ್ರೌನ್ ಮತ್ತು ಫ್ರಾಂಕ್ ಬ್ಲೈದನ್ ಕೂಡ ಹತ್ತಿದ್ದರು. ಹಾರಾಟದ ನಡುವೆ ಬಲಗಡೆಯ ಹೊರ ಎಂಜಿನ್‌ಗೆ ಬೆಂಕಿ ಹೊತ್ತಿತು. ವಿಮಾನ ಹೆರೆಫರ್ಡ್‌ಶೈರ್‌ನ ವೆಲ್ಷ್ ಬಿಕ್ನರ್ ಹತ್ತಿರ, ವೈ ನದಿಯ ಬದಿಗೆ ಬಿತ್ತು. ಒಳಗಿದ್ದ ಹನ್ನೊಂದೂ ಜನ ಸತ್ತರು. ಬ್ಲಮ್‌ಲೈನ್‌ಗೆ 39 ತುಂಬಲು ಮೂರು ವಾರ ಬಾಕಿ ಇತ್ತು.

ತನಿಖೆಯಲ್ಲಿ ಗೊತ್ತಾಗಿದ್ದು ಇಷ್ಟು. ಹಿಂದಿನ ಸರ್ವಿಸ್ ವೇಳೆ ಎಂಜಿನ್‌ನ ಒಂದು ಟ್ಯಾಪೆಟ್ ನಟ್ ಸರಿಯಾಗಿ ಬಿಗಿದಿರಲಿಲ್ಲ. ಅದು ಸಡಿಲಾಗುತ್ತಾ ಹೋಗಿ ಇನ್‌ಲೆಟ್ ವಾಲ್ವ್ ಮುರಿಯಿತು, ಇಂಧನಕ್ಕೆ ಬೆಂಕಿ ಹತ್ತಿತು. ಮೆಕ್ಯಾನಿಕಲ್ ಗೆಳೆಯರೇ, ವರ್ಕ್‌ಶಾಪ್‌ನಲ್ಲಿ ಟಾರ್ಕ್ ವ್ರೆಂಚ್ ಹಿಡಿಯೋದಕ್ಕೆ ಬೇಜಾರಾದಾಗ ಈ ಸಾಲನ್ನು ಇನ್ನೊಮ್ಮೆ ಓದಿ. ನೂರಿಪ್ಪತ್ತೆಂಟು ಪೇಟೆಂಟ್‌ನ ತಲೆ ಒಂದು ನಟ್‌ಗೆ ಸಿಕ್ಕಿ ಹೋಯಿತು. ಜೊತೆಗೆ ಇನ್ನೂ ಹತ್ತು ಜೀವ.

ಯುದ್ಧದ ಗುಟ್ಟು ಬಯಲಾಗಬಾರದೆಂದು ಸಾವಿನ ವಿವರಗಳನ್ನು ಮುಚ್ಚಿಟ್ಟರು. ಬ್ರಿಟನ್ನಿನ ಜನಕ್ಕೆ ತಾವು ಯಾರನ್ನು ಕಳೆದುಕೊಂಡೆವು ಅಂತ ಗೊತ್ತೇ ಆಗಲಿಲ್ಲ. ರೇಡಾರ್ ಕೆಲಸ ನಿಲ್ಲಲಿಲ್ಲ, 1943ರ ಜನವರಿಯಲ್ಲಿ ಅದು ಬಳಕೆಗೆ ಬಂತು. ಸ್ಟೀರಿಯೋ ರೆಕಾರ್ಡ್ ಅಂಗಡಿಗೆ ಬರಲು 1958 ಆಗಬೇಕಾಯಿತು. ಗೆರೆಯ ಎರಡು ಗೋಡೆಗಳಲ್ಲಿ 45 ಡಿಗ್ರಿ ಓರೆಯಾಗಿ ಕೊರೆಯುವ ವಿಧಾನವನ್ನು ಅಮೆರಿಕದ ವೆಸ್ಟ್ರೆಕ್ಸ್ 1957ರಲ್ಲಿ ತೋರಿಸಿದಾಗ, ಹೇಯ್ಸ್‌ನ ಕಪಾಟಿನಲ್ಲಿ ಅದು ಕಾಲು ಶತಮಾನದಿಂದ ಕೂತಿತ್ತು. ಸಿನಿಮಾದವರು ಆಮೇಲೆ ಎಡ ಬಲಕ್ಕೆ ಮಧ್ಯ, ಹಿಂಭಾಗ ಸೇರಿಸಿದರು. 1970ರ ದಶಕದ ಡಾಲ್ಬಿ ಸ್ಟೀರಿಯೋ ನಾಲ್ಕು ಚಾನಲ್‌ಗಳನ್ನು ಎರಡರೊಳಗೆ ಮಡಚಿ ಕಳಿಸುತ್ತಿತ್ತು. ಹಿಂಬದಿ ಸದ್ದನ್ನು ಬಿಡಿಸಿಕೊಳ್ಳುತ್ತಿದ್ದುದು ಮುಖ್ಯವಾಗಿ ಎಡ ಬಲಗಳ ವ್ಯತ್ಯಾಸದಿಂದ. 5.1 ಅದರ ಮುಂದಿನ ಪೀಳಿಗೆ.

ಈಗ ನಮ್ಮ ರೂಮಿಗೆ ಬರೋಣ. ಬ್ಲಮ್‌ಲೈನ್‌ನ ಬದುಕು ಗೊತ್ತಾದ ಮೇಲೆ ಸ್ಪೀಕರ್ ಪ್ರಶ್ನೆಯನ್ನು ಕಿವಿಯಿಂದ ಶುರು ಮಾಡಬೇಕು, ಡಬ್ಬದಿಂದ ಅಲ್ಲ.

ಮೊದಲು ಜಾಗ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನ ಆಗಬೇಕು. ಅಂದರೆ ನೀವು ಕೂತಲ್ಲಿಂದ ಒಂದೊಂದೂ ಎಡಕ್ಕೆ 30, ಬಲಕ್ಕೆ 30 ಡಿಗ್ರಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ, ಸ್ಪೀಕರ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟರೂ ಆದೀತು. ಒಂದು ಸ್ಪೀಕರ್ ಇನ್ನೊಂದಕ್ಕಿಂತ 34 ಸೆಂಟಿಮೀಟರ್ ಹತ್ತಿರ ಇದ್ದರೆ ಅದರ ಸದ್ದು ಒಂದು ಮಿಲಿಸೆಕೆಂಡ್ ಮೊದಲು ಬರುತ್ತೆ. ಆಗ ನಡುವೆ ನಿಂತಿರಬೇಕಾದ ಗಾಯಕಿ ಹತ್ತಿರದ ಡಬ್ಬಿಯೊಳಗೆ ಹೋಗಿ ಕೂರ್ತಾಳೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಒಂದು ಅಳತೆ ಟೇಪ್ ಸಾಕು.

ಎರಡನೆಯದು ಹಂಚಿಕೆ. ಬಜೆಟ್ ಒಂದೇ ಆದಾಗ 5.1 ಸೆಟ್‌ನಲ್ಲಿ ಅದು ಆರು ಡಬ್ಬಿ, ಆರು ಆಂಪ್ಲಿಫೈಯರ್‌ಗೆ ಹರಿದು ಹಂಚಿಹೋಗುತ್ತೆ. 2.0ದಲ್ಲಿ ಎರಡಕ್ಕೆ ಮಾತ್ರ. ಅಗ್ಗದ 5.1ರ ಪುಟಾಣಿ ಸ್ಯಾಟಲೈಟ್‌ಗಳಿಗಿಂತ ಅದೇ ದುಡ್ಡಿನ ಎರಡು ಒಳ್ಳೆ ಸ್ಪೀಕರ್‌ಗಳಲ್ಲಿ ಮಾತು, ತಬಲಾ, ಕೊಳಲು ಸ್ಪಷ್ಟವಾಗಿರುವ ಸಾಧ್ಯತೆಯೇ ಹೆಚ್ಚು. ಹಾಡುಗಳಲ್ಲಿ ಬಹುಪಾಲು ಈಗಲೂ ಎರಡೇ ಚಾನಲ್‌ನಲ್ಲಿ ಬರುತ್ತವೆ.

ಮೂರನೆಯದು ಸಬ್‌ವೂಫರ್. 80 ಹರ್ಟ್ಸ್‌ನಲ್ಲಿ ತರಂಗದ ಉದ್ದ ನಾಲ್ಕು ಮೀಟರಿಗೂ ಹೆಚ್ಚು. ಅಷ್ಟು ಉದ್ದದ ತರಂಗಕ್ಕೆ ತಲೆ ಲೆಕ್ಕಕ್ಕಿಲ್ಲ, ದಿಕ್ಕು ಹಿಡಿಯೋದು ಕಷ್ಟ. ಅದಕ್ಕೇ ಒಂದು ಸಬ್ ಸಾಕು, ಇಡುವ ಜಾಗವೂ ಅಷ್ಟು ಮುಖ್ಯ ಅಲ್ಲ. ಆದರೆ ಅಗ್ಗದ 2.1ಗಳಲ್ಲಿ ಸ್ಯಾಟಲೈಟ್ ತೀರಾ ಚಿಕ್ಕದಿದ್ದು, ಸಬ್ ಗಂಡಸಿನ ದನಿಯವರೆಗೂ ಮೇಲೆ ಹತ್ತಿ ಹಾಡಬೇಕಾಗುತ್ತೆ. ಆಗ ದನಿ ಮೇಜಿನ ಕೆಳಗಿಂದ ಬಂದ ಹಾಗೆ ಕೇಳುತ್ತೆ. ಸಬ್ ಔಟ್ ಇರುವ 2.0 ತಗೊಂಡರೆ ಮುಂದೆ ದುಡ್ಡು ಕೂಡಿದಾಗ ಸಬ್ ಸೇರಿಸಬಹುದು. ಹಾಸ್ಟೆಲ್ ಗೋಡೆಯ ಆಚೆ ನಾಳೆ ಇಂಟರ್ನಲ್ಸ್ ಇರೋರು ಮಲಗಿರ್ತಾರೆ, ಅದೂ ನೆನಪಿರಲಿ.

ನಾಲ್ಕನೆಯದು ವ್ಯಾಟ್. ಪಿಎಂಪಿಒಗೆ ಒಪ್ಪಿತ ಅಳತೆ ಇಲ್ಲ, ಅದನ್ನು ಓದಲೇಬೇಡಿ. ಆರ್‌ಎಂಎಸ್ ನೋಡಿ. ಅದೂ ದುಪ್ಪಟ್ಟಾದರೆ ಸಿಗೋದು 3 ಡೆಸಿಬಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ಪವರ್ ಬೇಕು.

ಐದನೆಯದು, ನಿಜಕ್ಕೂ 5.1 ಬೇಕೆನ್ನುವವರಿಗೆ. ನೀವು ಸಿನಿಮಾ, ಗೇಮ್ ಜಾಸ್ತಿ ಆಡೋರಾದರೆ ಬೇಡ ಅನ್ನಲ್ಲ. ಹಿಂದಿನಿಂದ ಬರೋ ಹೆಜ್ಜೆ ಸದ್ದು ಹಿಂದಿನಿಂದಲೇ ಬಂದರೆ ಅದರ ಮಜಾನೇ ಬೇರೆ. ಆದರೆ ಮೊದಲು ಕಂಪ್ಯೂಟರಿನ ಹಿಂಬದಿ ನೋಡಿ. ಅನಲಾಗ್ 5.1ಗೆ ಮೂರು ಜಾಕ್ ಬೇಕು: ಸಾಮಾನ್ಯವಾಗಿ ಹಸಿರು ಮುಂದಿನದಕ್ಕೆ, ಕಪ್ಪು ಹಿಂದಿನದಕ್ಕೆ, ಕಿತ್ತಳೆ ಮಧ್ಯ ಮತ್ತು ಸಬ್‌ಗೆ. ಲ್ಯಾಪ್‌ಟಾಪ್‌ನ ಒಂದೇ ಹೆಡ್‌ಫೋನ್ ಜಾಕ್‌ನಿಂದ ಹೊರಡೋದು ಎರಡು ಚಾನಲ್, ಎಷ್ಟು ಡಬ್ಬಿ ಜೋಡಿಸಿದರೂ ಅಷ್ಟೇ. ಹಿಂದಿನ ಸ್ಪೀಕರ್‌ಗಳನ್ನು 100ರಿಂದ 120 ಡಿಗ್ರಿಯಲ್ಲಿ, ಅಂದರೆ ಕಿವಿಯ ಪಕ್ಕಕ್ಕಿಂತ ತುಸು ಹಿಂದಕ್ಕೆ ಇಡಬೇಕು. ಮಂಚ ಗೋಡೆಗೆ ಅಂಟಿಕೊಂಡಿರೋ ರೂಮಿನಲ್ಲಿ ಅದಕ್ಕೆ ಜಾಗವೇ ಇರಲ್ಲ. ಜಾಗ ಇಲ್ಲದೆ ಐದನ್ನೂ ಮಾನಿಟರ್ ಸುತ್ತ ಜೋಡಿಸಿದರೆ ಕೊಟ್ಟ ದುಡ್ಡು ಸುಮ್ಮನೆ ಹೋಗುತ್ತೆ.

ಖರೀದಿಗೆ ಮೊದಲು ಒಂದು ಪುಕ್ಕಟೆ ಪ್ರಯೋಗ ಮಾಡಿ. ಯಾವುದಾದರೂ ಆಡಿಯೋ ಎಡಿಟರ್‌ನಲ್ಲಿ ಒಂದು ಸ್ಟೀರಿಯೋ ಹಾಡು ತೆರೆದು, ಒಂದು ಚಾನಲ್ ಅನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿ. ನಡುವೆ ನಿಂತಿದ್ದ ಹಾಡುಗಾರರ ದನಿ ಹೆಚ್ಚುಕಡಿಮೆ ಮಾಯವಾಗುತ್ತೆ. ಉಳಿಯೋದು ಪಕ್ಕವಾದ್ಯಗಳ ಅಂಚು, ಸ್ಟುಡಿಯೋದ ಪ್ರತಿಧ್ವನಿ. ಬ್ಲಮ್‌ಲೈನ್ ಕಾಪಾಡಲು ಹೊರಟ ವ್ಯತ್ಯಾಸ ಅದೇ. ಅದು ನಿಮ್ಮ ಎರಡು ಕಿವಿಗೆ ಕೆಡದೆ ತಲುಪುವ ಹಾಗೆ ನೋಡಿಕೊಳ್ಳೋ ಸೆಟಪ್ ಯಾವುದೋ ಅದೇ ನಿಮ್ಮ ದುಡ್ಡಿಗೆ ತಕ್ಕ ಸೆಟಪ್.

ಈಲಿಂಗ್‌ನ ಮನೆಗೆ 1977ರಲ್ಲಿ ನೀಲಿ ಫಲಕ ಹಾಕಿದರು. 2015ರಲ್ಲಿ ಅಬ್ಬೆ ರೋಡ್‌ನಲ್ಲಿ ಐಟ್ರಿಪಲ್‌ಇ ಮೈಲಿಗಲ್ಲು ನೆಟ್ಟಿತು. 2017ರಲ್ಲಿ, ಸತ್ತು 75 ವರ್ಷಕ್ಕೆ, ತಾಂತ್ರಿಕ ಗ್ರ್ಯಾಮಿ ಬಂತು. ಸ್ಟೀರಿಯೋ ರೆಕಾರ್ಡೊಂದು ಅಂಗಡಿಯಲ್ಲಿ ಮಾರಾಟವಾಗಿದ್ದನ್ನು ಆತ ಒಮ್ಮೆಯೂ ನೋಡಲಿಲ್ಲ. ಹೇಯ್ಸ್ ನಿಲ್ದಾಣದ ಆ ಚಿತ್ರ ಮಾತ್ರ ಉಳಿದಿದೆ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ರೈಲು ಯಾವ ಕಡೆಯಿಂದ ಬಂತು ಅಂತ ಕಣ್ಣು ಮುಚ್ಚಿಯೂ ಹೇಳಬಹುದು.